ಗುಲಗಂಜಿ ಮತ್ತು ಹರಳುಬೀಜಗಳ ವಿಷವಿಚಾರ

೧

ಪಂಚತಂತ್ರದ ಸಂಸ್ಕೃತ ಪಾಠವೊಂದರಲ್ಲಿ ಬರುವ ಕಪಿಗಳ ಕಥೆಯು ವಿದ್ವಾಂಸರಿಗೆ ಪರಿಚಿತವಾದುದು. ಚಳಿಯಿಂದ ನಡುಗುತ್ತಿದ್ದ ಕಪಿಗಳು ಗುಲಗಂಜಿಯ ಕಾಯಿಗಳನ್ನು ಕೆಂಡವೆಂದು ಭ್ರಮಿಸಿ, ರಾಶಿ ಹಾಕಿಕೊಂಡು ಊದುತ್ತ ಕುಳಿತುವು. ಅದು ಬೆಂಕಿಯಲ್ಲವೆಂದು ಬುದ್ಧಿ ಹೇಳಹೋದ ಹಕ್ಕಿಯು ಅವುಗಳ ಕೋಪಕ್ಕೆ ತುತ್ತಾಯಿತು. ಭಾಗವತದ ದಶಮಸ್ಕಂಧದಲ್ಲಿ ಬ್ರಹ್ಮನು ಸ್ತುತಿಸುವ ಗೋಪಾಲನು ಗುಂಜೆಯ ಆಭರಣವನ್ನು ಧರಿಸಿರುವನು. ಕನ್ನಡನಾಡಿನ ಅಕ್ಕಸಾಲಿಗರು ಬಂಗಾರವನ್ನು ತೂಗುತ್ತಿದ್ದುದು ಇದೇ ಕಾಳಿನಿಂದ. ಒಂದು ಕಾಳಿನ ತೂಕವು ಸರಾಸರಿಯಲ್ಲಿ ೧೨೦ ಮಿಲಿಗ್ರಾಂಗಳ ಆಸುಪಾಸಿನಲ್ಲಿರುವುದರಿಂದ ಉತ್ತರದೇಶದ 'ರತ್ತಿ'ಗೂ ಇದೇ ಆಧಾರವಾಯಿತು. 'ಗುಲಗಂಜಿಯಷ್ಟು' ಎಂಬ ಮಾತು ಕನ್ನಡದಲ್ಲಿ ಅತ್ಯಲ್ಪಕ್ಕೆ ಪರ್ಯಾಯವಾಗಿ ನಿಂತುದೂ ಈ ತಕ್ಕಡಿಯ ಬಳಕೆಯಿಂದಲೇ.

ಕಾವ್ಯದಲ್ಲಿಯೂ ಆಭರಣದಲ್ಲಿಯೂ ತಕ್ಕಡಿಯಲ್ಲಿಯೂ ಹೀಗೆ ಸ್ಥಾನವನ್ನು ಪಡೆದ ಈ ಬೀಜವು ವಿಷಗಳ ಪಟ್ಟಿಯಲ್ಲಿಯೂ ಬಹು ಹಿಂದಿನಿಂದ ಸೇರಿದೆ. ಆ ವಿಷವು ಯಾವ ಜಾತಿಯ ವಸ್ತು, ಅದು ದೇಹದಲ್ಲಿ ಮಾಡುವ ಕೆಲಸವೇನು ಎಂಬ ಪ್ರಶ್ನೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹುಟ್ಟಿದುವು. ಅವುಗಳಿಗೆ ಪೂರ್ಣವಾದ ಉತ್ತರವು ದೊರೆತುದು ಸುಮಾರು ನೂರು ವರ್ಷಗಳ ಮೇಲೆ, ೧೯೮೭ರಲ್ಲಿ. ಈ ನಡುವಣ ಶೋಧನೆಯು ಒಂದೆರಡು ಬೀಜಗಳ ಚರಿತ್ರೆಯಾಗಿ ಮಾತ್ರ ಉಳಿಯಲಿಲ್ಲ. ದೇಹವು ವಿಷವನ್ನು ಎದುರಿಸುವ ಬಗೆ, ಸಸಾರಜನಕ ವಸ್ತುಗಳ ಸ್ವರೂಪ, ಜೀವಕೋಶದೊಳಗೆ ಅವು ಹುಟ್ಟುವ ಕ್ರಮ ಈ ಮೂರೂ ಇದರಿಂದ ಬೆಳಕಿಗೆ ಬಂದುವು. ಗುಲಗಂಜಿಯ ಜೊತೆಗೆ ಹರಳುಬೀಜವನ್ನೂ ಸೇರಿಸಿಯೇ ಇದನ್ನು ವಿಚಾರಿಸಬೇಕು. ಏಕೆಂದರೆ ಇವೆರಡರ ವಿಷಗಳೂ ಒಂದೇ ಅಚ್ಚಿನವು.

೨

ಮೊದಲು ಹೆಸರುಗಳನ್ನು ನೋಡಬಹುದು. ಸಂಸ್ಕೃತದ ಗುಂಜಾ, ಕನ್ನಡದ ಗುಲಗಂಜಿ, ತೆಲುಗಿನ ಗುರಿಗಿಂಜ ಇವು ಒಂದೇ ಬಳ್ಳಿಯ ಹೆಸರುಗಳು. ಸಸ್ಯಶಾಸ್ತ್ರಜ್ಞರು ಇದಕ್ಕೆ ಕೊಟ್ಟಿರುವ ಹೆಸರು ಏಬ್ರಸ್ ಪ್ರಿಕೇಟೋರಿಯಸ್. ಇದರ ಮೊದಲ ಪದವು ಕೋಮಲವೆಂಬ ಅರ್ಥದ ಗ್ರೀಕ್ ಶಬ್ದದಿಂದ ಬಂದುದು. ಎರಡನೆಯದು ಪ್ರಾರ್ಥನೆಗೆ ಸಂಬಂಧಿಸಿದ ಲ್ಯಾಟಿನ್ ಶಬ್ದ, ಈ ಕಾಳುಗಳನ್ನು ಜಪಮಾಲೆಗೆ ಪೋಣಿಸುತ್ತಿದ್ದುದರಿಂದ ಅಂಟಿಕೊಂಡುದು. ಇದು ಅವರೆ, ತೊಗರಿಗಳ ಕುಲಕ್ಕೆ ಸೇರಿದ ಬಳ್ಳಿ. ಸಂಸ್ಕೃತದಲ್ಲಿ ಏರಂಡ, ಕನ್ನಡದಲ್ಲಿ ಹರಳು ಅಥವಾ ಔಡಲ ಎನ್ನಿಸಿಕೊಳ್ಳುವ ಗಿಡವು ರಿಸಿನಸ್ ಕಮ್ಯೂನಿಸ್. ಲ್ಯಾಟಿನ್ನಿನಲ್ಲಿ ರಿಸಿನಸ್ ಎಂದರೆ ದನದ ಮೈಗೆ ಕಚ್ಚಿಕೊಳ್ಳುವ ಉಣ್ಣೆ. ಬೀಜದ ಆಕಾರವೂ ಮಚ್ಚೆಗಳೂ ಆ ಹುಳುವನ್ನು ಹೋಲುವುದರಿಂದ ಈ ಹೆಸರು ಬಂದಿತು. ಕನ್ನಡಿಗರ ಕಣ್ಣಿಗೆ ಅದೇ ಬೀಜದ ಹೆಸರೂ ಹೊಳೆಯುವ ಕಲ್ಲಿನ ಹೆಸರೂ ಒಂದೇ ಆಗಿ, ಹರಳು ಎಂಬ ಪದವು ಎರಡಕ್ಕೂ ಸಲ್ಲುತ್ತಿದೆ. ಹರಳುಗಿಡವು ಕಳ್ಳಿಯ ಕುಲದ್ದು. ಹೀಗೆ ಎರಡು ಸಸ್ಯಗಳೂ ದೂರದೂರದ ಕುಲಗಳಲ್ಲಿ ಹುಟ್ಟಿಯೂ ವಿಷದಲ್ಲಿ ಮಾತ್ರ ಸೋದರರಂತಿರುವುವು.

ಸುಶ್ರುತಸಂಹಿತೆಯ ಕಲ್ಪಸ್ಥಾನವು ಎಂಟು ಮೂಲವಿಷಗಳನ್ನು, ಎಂದರೆ ಬೇರಿನಲ್ಲಿರುವ ವಿಷಗಳನ್ನು, ಎಣಿಸುವಾಗ ಗುಂಜೆಯನ್ನೂ ಹೇಳಿದೆ. ಮುಂದಿನ ಕಾಲದ ರಸಶಾಸ್ತ್ರ ಗ್ರಂಥಗಳು ಗುಂಜಾಬೀಜವನ್ನು ಉಪವಿಷಗಳಲ್ಲಿ ಸೇರಿಸಿ, ಅದನ್ನು ಶೋಧಿಸಿದ ಹೊರತು ಔಷಧಕ್ಕೆ ಬಳಸಬಾರದೆಂದು ವಿಧಿಸುವುವು. ಈಗಿನ ಪರೀಕ್ಷೆಗಳ ಪ್ರಕಾರ ಉಗ್ರವಾದ ವಿಷವಿರುವುದು ಬೀಜದಲ್ಲಿಯೇ; ಬೇರನ್ನು ಅತಿಮಧುರಕ್ಕೆ ಬದಲಾಗಿ ಮಾರುತ್ತಿದ್ದುದೂ ಉಂಟು. ಬೇರಿನಿಂದ ಬೀಜಕ್ಕೆ ಗಣನೆಯು ಬದಲಾಗಿರುವುದು ವೈದ್ಯಗ್ರಂಥಗಳ ಸಸ್ಯನಾಮಗಳನ್ನು ವಿಚಾರಿಸುವವರು ಗಮನಿಸತಕ್ಕ ಸಂಗತಿ.

೩

ಪಾಶ್ಚಾತ್ಯ ವೈದ್ಯರ ದೃಷ್ಟಿಯು ಗುಲಗಂಜಿಯ ಕಡೆಗೆ ಹರಿದುದು ಕಣ್ಣಿನ ರೋಗದ ಮೂಲಕ. ಬ್ರೆಜಿಲ್ ದೇಶದ ಜನರು ರೆಪ್ಪೆಯೊಳಗಿನ ಹಳೆಯ ಉರಿಯೂತಕ್ಕೆ ಈ ಬೀಜವನ್ನು ನೆನೆಯಿಟ್ಟ ನೀರನ್ನು ಬಿಡುತ್ತಿದ್ದರು. ಪ್ಯಾರಿಸ್ಸಿನ ನೇತ್ರವೈದ್ಯ ಲೂಯಿ ದ ವೆಕ್ಕರ್ ಅವರು ೧೮೮೨ರಲ್ಲಿ ಇದನ್ನು ಯೂರೋಪಿನಲ್ಲಿ ಪ್ರಚಾರಕ್ಕೆ ತಂದರು. ಆ ನೀರು ಕಣ್ಣಿನಲ್ಲಿ ತೀವ್ರವಾದ ಹೊಸ ಉರಿಯೂತವನ್ನೆಬ್ಬಿಸುವುದು. ಅದು ಇಳಿಯುವಾಗ ಹಳೆಯ ರೋಗವೂ ಇಳಿಯುವುದೆಂಬುದು ಅವರ ಎಣಿಕೆ. ಆದರೆ ಆ ಉರಿಯೂತಕ್ಕೆ ಕಾರಣವೇನು?

ಕಾಲವು ಸೂಕ್ಷ್ಮಜೀವಿಗಳ ಕಾಲವಾಗಿದ್ದಿತು. ರಾಬರ್ಟ್ ಕಾಖ್ ಅವರು ಕ್ಷಯರೋಗದ ಸೂಕ್ಷ್ಮಜೀವಿಯನ್ನು ಪ್ರಕಟಿಸಿದುದು ಅದೇ ೧೮೮೨ರಲ್ಲಿ. ಎಲ್ಲ ರೋಗಕ್ಕೂ ಒಂದು ಜೀವಿಯೇ ಕಾರಣವಾಗಿರಬೇಕೆಂಬ ನಿರೀಕ್ಷೆಯು ವಿದ್ವಾಂಸರಲ್ಲಿ ಪ್ರಬಲವಾಗಿದ್ದಿತು. ೧೮೮೩ರಲ್ಲಿ ಸಾಟ್ಲರ್ ಎಂಬ ನೇತ್ರತಜ್ಞರು ಗುಲಗಂಜಿಯ ನೀರಿನಲ್ಲಿ ಬೆಳೆಯುವ ಒಂದು ಸೂಕ್ಷ್ಮಜೀವಿಯೇ ಉರಿಯೂತದ ಕಾರಣವೆಂದು ವಾದಿಸಿದರು. ನೆನೆಯಿಟ್ಟ ನೀರಿನಲ್ಲಿ ಜೀವಿಗಳು ಕಾಣುತ್ತಿದ್ದುದೇನೋ ನಿಜ. ಆದರೆ ಜೊತೆಯಲ್ಲಿರುವುದೆಲ್ಲ ಕಾರಣವಾಗಲಾರದು.

ಈ ವಾದಕ್ಕೆ ಬಲವಾದ ಉತ್ತರವು ಭಾರತದಿಂದಲೇ ಹೊರಟಿತು. ಆಗ ಉತ್ತರಭಾರತದ ಕೆಲವು ಪ್ರಾಂತಗಳಲ್ಲಿ ಚರ್ಮದ ಆಸೆಗಾಗಿ ದನಗಳನ್ನು ಕೊಲ್ಲುವ ದುಷ್ಕರ್ಮವೊಂದು ನಡೆಯುತ್ತಿದ್ದಿತು. ಅದಕ್ಕೆ ಸಾಧನವಾಗಿದ್ದುದು ಗುಲಗಂಜಿಯಿಂದ ಮಾಡಿದ ಮುಳ್ಳು. ಚುಚ್ಚಿದ ಗುರುತು ಎದ್ದು ಕಾಣದಿದ್ದುದರಿಂದ ಅಪರಾಧವನ್ನು ನಿರ್ಣಯಿಸುವುದು ನ್ಯಾಯಾಲಯಗಳಿಗೆ ಕಷ್ಟವಾಗಿದ್ದಿತು. ಕಲ್ಕತ್ತೆಯಲ್ಲಿ ವಾರ್ಡನ್ ಮತ್ತು ವಾಡೆಲ್ ಎಂಬ ಇಬ್ಬರು ಈ ವಿಷವನ್ನು ಪರೀಕ್ಷಿಸಿ, ೧೮೮೪ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ವಿಷವು ಸೂಕ್ಷ್ಮಜೀವಿಯಲ್ಲ, ಬೀಜದಲ್ಲಿಯೇ ಇರುವ ಸಸಾರಜನಕ ಜಾತಿಯ ಒಂದು ವಸ್ತು ಎಂಬುದು ಅವರ ಸಿದ್ಧಾಂತ. ಆ ವಸ್ತುವಿಗೆ ಏಬ್ರಿನ್ ಎಂಬ ಹೆಸರಾಯಿತು. ಇವರಲ್ಲಿ ವಾರ್ಡನ್ ಅವರು ಮುಂದೆ ಭಾರತದ ಔಷಧಿ ಸಸ್ಯಗಳನ್ನು ಕುರಿತ ಫಾರ್ಮಕೋಗ್ರಾಫಿಯಾ ಇಂಡಿಕಾ ಎಂಬ ಗ್ರಂಥದ ಕರ್ತೃಗಳಲ್ಲಿ ಒಬ್ಬರಾದರು. ವಾಡೆಲ್ ಅವರು ೧೮೯೫ರಲ್ಲಿ ಟಿಬೆಟ್ಟಿನ ಬೌದ್ಧಧರ್ಮವನ್ನು ಕುರಿತು ಗ್ರಂಥವನ್ನು ಬರೆದು, ಪ್ರಾಚ್ಯವಿದ್ಯೆಯ ಅಭ್ಯಾಸಿಗಳಿಗೆ ಆ ಮೂಲಕವೇ ಹೆಚ್ಚು ಪರಿಚಿತರಾಗಿರುವರು.

೪

ಹರಳುಬೀಜದ ವಿಷಕ್ಕೆ ಹೆಸರು ಬಂದುದು ನಾಲ್ಕು ವರ್ಷಗಳ ತರುವಾಯ. ಈಗ ಎಸ್ಟೋನಿಯಾದಲ್ಲಿ ಟಾರ್ಟು ಎನಿಸಿರುವ ಡೋರ್ಪಾಟ್ ನಗರದ ವಿಶ್ವವಿದ್ಯಾನಿಲಯದಲ್ಲಿ, ಕೋಬರ್ಟ್ ಅವರ ಶಿಷ್ಯರಾದ ಹೆರ್ಮಾನ್ ಸ್ಟಿಲ್‌ಮಾರ್ಕ್ ಅವರು ೧೮೮೮ರ ತಮ್ಮ ಪ್ರಬಂಧದಲ್ಲಿ ಈ ವಸ್ತುವನ್ನು ರಿಸಿನ್ ಎಂದು ಕರೆದರು. ಇದನ್ನು ರಕ್ತಕ್ಕೆ ಬೆರೆಸಿದಾಗ ಕೆಂಪು ರಕ್ತಕಣಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುವುದನ್ನು ಅವರು ಕಂಡರು. ಹೀಗೆ ರಕ್ತಕಣಗಳನ್ನು ಅಂಟಿಸುವುದೇ ಸಾವಿಗೆ ಕಾರಣವೆಂದು ಬಹುಕಾಲ ನಂಬಿಕೆಯಿದ್ದಿತು. ಆ ನಂಬಿಕೆಯು ನಿಲ್ಲಲಿಲ್ಲ. ಹರಳುಬೀಜದಲ್ಲಿ ಎರಡು ಬೇರೆ ಬೇರೆ ವಸ್ತುಗಳಿರುವುವು. ಒಂದು ರಕ್ತಕಣಗಳನ್ನು ಬಲವಾಗಿ ಅಂಟಿಸುವುದು, ಇನ್ನೊಂದು ಕೊಲ್ಲುವುದು. ಸ್ಟಿಲ್‌ಮಾರ್ಕರ ರಿಸಿನ್ ಈ ಎರಡರ ಮಿಶ್ರಣವಾಗಿದ್ದಿತೆಂಬುದು ಮುಂದೆ ತಿಳಿದುಬಂದಿತು. ಆದರೂ ಅವರ ಶೋಧನೆಯು ನಿಷ್ಫಲವಾಗಲಿಲ್ಲ. ಸಕ್ಕರೆಗಳನ್ನು ಆರಿಸಿ ಹಿಡಿಯುವ ಇಂತಹ ವಸ್ತುಗಳಿಗೆ ೧೯೫೪ರಲ್ಲಿ 'ಆರಿಸು' ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಲೆಕ್ಟಿನ್ ಎಂದು ಹೆಸರಾಯಿತು. ಆ ಶಾಖೆಯ ಆರಂಭವನ್ನು ೧೮೮೮ರಿಂದಲೇ ಎಣಿಸುವುದು ವಾಡಿಕೆ.

ಈ ಎರಡು ವಿಷಗಳನ್ನು ಜಗತ್ಪ್ರಸಿದ್ಧಗೊಳಿಸಿದವರು ಪಾಲ್ ಎರ್ಲಿಖ್. ೧೮೯೧ರಲ್ಲಿ ಅವರು ಇಲಿಗಳಿಗೆ ಮೊದಲು ಅತ್ಯಲ್ಪ ಪ್ರಮಾಣದಲ್ಲಿಯೂ, ಕ್ರಮೇಣ ಹೆಚ್ಚು ಪ್ರಮಾಣದಲ್ಲಿಯೂ ರಿಸಿನ್ನನ್ನು ಆಹಾರದೊಡನೆ ಕೊಡುತ್ತ ಬಂದರು. ಕೆಲವು ದಿನಗಳ ಮೇಲೆ ಆ ಇಲಿಗಳು, ಬೇರೆ ಇಲಿಗಳನ್ನು ಕೊಲ್ಲುವ ಪ್ರಮಾಣಕ್ಕೆ ಎಷ್ಟೋ ಪಾಲು ಹೆಚ್ಚಾದ ವಿಷವನ್ನೂ ತಾಳಿಕೊಂಡುವು. ಅವುಗಳ ರಕ್ತದಲ್ಲಿ ವಿಷವನ್ನು ಹಿಡಿದು ನಿಷ್ಫಲಗೊಳಿಸುವ ಪ್ರತಿವಿಷವು ಹುಟ್ಟಿದ್ದಿತು. ಗಂಟಲಮಾರಿಯ ಮತ್ತು ಧನುರ್ವಾಯುವಿನ ವಿಷಗಳಿಗೆ ಇಂತಹ ಪ್ರತಿವಿಷವುಂಟೆಂದು ಬೇರಿಂಗ್ ಮತ್ತು ಕಿಟಸಾಟೊ ಅವರು ೧೮೯೦ರಲ್ಲಿ ತೋರಿಸಿದ್ದರು. ಆದರೆ ಅವು ಸೂಕ್ಷ್ಮಜೀವಿಗಳ ವಿಷಗಳು. ಗಿಡದ ಬೀಜದ ವಿಷಕ್ಕೂ ದೇಹವು ಹಾಗೆಯೇ ಉತ್ತರ ಕೊಡುವುದೆಂಬುದು ಎರ್ಲಿಖ್ ಅವರ ಹೊಸ ಮಾತು.

ಇನ್ನೂ ಎರಡು ಸಂಗತಿಗಳು ಅವರ ಪ್ರಯೋಗಗಳಿಂದ ಸಿದ್ಧವಾದುವು. ರಿಸಿನ್ನನ್ನು ತಾಳಬಲ್ಲ ಇಲಿಯು ಏಬ್ರಿನ್ನಿಗೆ ಬಲಿಯಾಗುವುದು, ಏಬ್ರಿನ್ನನ್ನು ತಾಳಬಲ್ಲುದು ರಿಸಿನ್ನಿಗೆ ಬಲಿಯಾಗುವುದು. ಎಂದರೆ ಪ್ರತಿಯೊಂದು ವಿಷಕ್ಕೂ ಅದರದೇ ಆದ ಪ್ರತಿವಿಷವುಂಟು. ಎರಡನೆಯದಾಗಿ, ಮರಿಗಳಿಗೆ ಈ ಶಕ್ತಿಯು ತಂದೆಯಿಂದ ಬರುವುದಿಲ್ಲ. ತಾಯಿಯಿಂದ, ಅದರಲ್ಲಿಯೂ ಮೊಲೆಹಾಲಿನ ಮೂಲಕ, ಬರುವುದು. ಒಂದು ತಾಯಿಯ ಮರಿಗಳನ್ನು ಇನ್ನೊಂದರ ಬಳಿ ಹಾಲಿಗೆ ಬಿಟ್ಟು ಅವರು ಇದನ್ನು ನಿರ್ಣಯಿಸಿದರು. ಆದುದರಿಂದ ಇದು ವಂಶಾನುಗತವಾದ ಗುಣವಲ್ಲ, ಕೆಲವು ಕಾಲಕ್ಕೆ ದೊರೆತ ಎರವಲು. ದೇಹದ ನಿರೋಧಶಕ್ತಿಯನ್ನು ಕುರಿತ ಕಾರ್ಯಕ್ಕಾಗಿ ಎರ್ಲಿಖ್ ಅವರಿಗೆ ೧೯೦೮ರಲ್ಲಿ ಮೆಚ್ನಿಕೋಫ್ ಅವರೊಡನೆ ನೊಬೆಲ್ ಬಹುಮಾನವು ಸಂದಿತು.

೫

ವಿಷವು ಸಸಾರಜನಕವೆಂದು ಹೇಳುವುದು ಸುಲಭ. ಅದನ್ನು ಸ್ಥಾಪಿಸುವುದು ಸುಲಭವಾಗಿರಲಿಲ್ಲ. 'ಪ್ರೋಟೀನ್' ಎಂಬ ಹೆಸರು ೧೮೩೮ರಲ್ಲಿ, ಪ್ರಥಮವೆಂಬ ಅರ್ಥದ ಗ್ರೀಕ್ ಶಬ್ದದಿಂದ ಹುಟ್ಟಿತು. ಸಾರಜನಕವನ್ನೊಳಗೊಂಡುದೆಂಬ ಅರ್ಥದಲ್ಲಿ ಕನ್ನಡದವರು ಅದನ್ನು ಸಸಾರಜನಕವೆಂದರು. ಮೊಟ್ಟೆಯ ಬಿಳಿಯ ಭಾಗ, ಹಾಲಿನ ಗಿಣ್ಣು, ಬೇಳೆಗಳ ಸತ್ವ ಇವೆಲ್ಲ ಈ ಜಾತಿಯವು, ಎಲ್ಲವೂ ಆಹಾರಗಳು. ಆಹಾರದ ಜಾತಿಗೆ ಸೇರಿದ ವಸ್ತುವೇ ಪ್ರಾಣವನ್ನು ತೆಗೆಯಬಲ್ಲುದೆಂಬುದು ಅನೇಕರಿಗೆ ನಂಬಿಕೆಗೆ ಬಾರದೆ, ನಿಜವಾದ ವಿಷವು ಬೇರೊಂದು ವಸ್ತು, ಸಸಾರಜನಕವು ಅದಕ್ಕೆ ಅಂಟಿಕೊಂಡ ಕೊಳೆಯಷ್ಟೇ ಎಂದು ಶಂಕಿಸಿದರು. ಅಮೆರಿಕದ ಆಸ್‌ಬರ್ನ್, ಮೆಂಡೆಲ್, ಹ್ಯಾರಿಸ್ ಎಂಬ ಮೂವರು ೧೯೦೫ರಲ್ಲಿ ಹರಳುಬೀಜದ ಸಸಾರಜನಕಗಳನ್ನು ಒಂದೊಂದಾಗಿ ಬೇರ್ಪಡಿಸಿ, ವಿಷವು ಅವುಗಳಲ್ಲಿ ಒಂದರ ಜೊತೆಯಲ್ಲಿಯೇ ಸಾಗುವುದನ್ನು ತೋರಿಸಿದರು. ೧೯೨೬ರಲ್ಲಿ ಸಮ್ನರ್ ಅವರು ಯೂರಿಯೇಸ್ ಎಂಬ ಕಿಣ್ವವನ್ನು ಸ್ಫಟಿಕರೂಪದಲ್ಲಿ ಪಡೆದು, ಸಸಾರಜನಕವೇ ರಾಸಾಯನಿಕ ಕ್ರಿಯೆಯನ್ನು ನಡೆಸಬಲ್ಲುದೆಂದು ಸಿದ್ಧಪಡಿಸಿದರು. ೧೯೪೮ರಲ್ಲಿ ರಿಸಿನ್ ಕೂಡ ಸ್ಫಟಿಕವಾಗಿ ದೊರೆತ ಮೇಲೆ ಹಳೆಯ ಶಂಕೆಗೆ ಎಡೆಯುಳಿಯಲಿಲ್ಲ.

ಸಸಾರಜನಕದ ಅಣುವು ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಸರವು ತನ್ನೊಳಗೆ ತಾನೇ ಸುತ್ತಿ ಮಡಿಸಿಕೊಂಡು ಒಂದು ನಿಶ್ಚಿತವಾದ ಆಕಾರವನ್ನು ತಾಳುವುದು. ಅದರ ಗುಣವೆಲ್ಲವೂ ಈ ಮಡಿಕೆಯಲ್ಲಿರುವುದು. ಕಾಯಿಸಿದರೆ ಮಣಿಗಳು ಚೆದರದಿದ್ದರೂ ಮಡಿಕೆಯು ಬಿಚ್ಚಿಹೋಗುವುದು. ಮೊಟ್ಟೆಯು ಬೆಂದಾಗ ಗಟ್ಟಿಯಾಗುವುದು ಇದರಿಂದಲೇ.

೬

ರಿಸಿನ್ನಿನ ಅಣುವಿನಲ್ಲಿ ಇಂತಹ ಸರಗಳು ಎರಡು. ನಾರ್ವೆಯ ಆಸ್ಲೋ ನಗರದ ಓಲ್ಸ್‌ನೆಸ್ ಮತ್ತು ಪೀಲ್ ಅವರು ೧೯೭೦ರ ದಶಕದ ಆರಂಭದಲ್ಲಿ ಇದನ್ನು ವಿಶದಪಡಿಸಿದರು. 'ಎ' ಎಂಬ ಸರದಲ್ಲಿ ೨೬೭ ಅಮೈನೋ ಆಮ್ಲಗಳೂ 'ಬಿ' ಎಂಬ ಸರದಲ್ಲಿ ೨೬೨ ಅಮೈನೋ ಆಮ್ಲಗಳೂ ಇರುವುವು. ಇವೆರಡನ್ನೂ ಗಂಧಕದ ಎರಡು ಪರಮಾಣುಗಳ ಕೊಂಡಿಯು ಹಿಡಿದಿರುವುದು. ಏಬ್ರಿನ್ನಿನ ರಚನೆಯೂ ಹೀಗೆಯೇ. ಬೇರೆಯಾದಾಗ ಎರಡೂ ಜೀವಕೋಶಕ್ಕೆ ಹೆಚ್ಚು ಅಪಾಯವನ್ನು ಮಾಡಲಾರವು. ಬಿ ಸರಕ್ಕೆ ಹಿಡಿಯುವ ಶಕ್ತಿಯುಂಟು, ಕೊಲ್ಲುವ ಶಕ್ತಿಯಿಲ್ಲ. ಎ ಸರಕ್ಕೆ ಕೊಲ್ಲುವ ಶಕ್ತಿಯುಂಟು, ಒಳಗೆ ಹೋಗುವ ದಾರಿಯಿಲ್ಲ.

ಜೀವಕೋಶಗಳ ಹೊರಮೈಯಲ್ಲಿ ಗ್ಯಾಲಕ್ಟೋಸ್ ಎಂಬ ಸಕ್ಕರೆಯ ಅಂಶಗಳಿರುವುವು. ಬಿ ಸರವು ಇವನ್ನು ಹಿಡಿದುಕೊಳ್ಳುವುದು. ಜೀವಕೋಶವು ತನ್ನ ವಾಡಿಕೆಯಂತೆ ಹೊರಮೈಯ ಭಾಗಗಳನ್ನು ಒಳಕ್ಕೆ ಎಳೆದುಕೊಳ್ಳುವಾಗ ವಿಷವೂ ಒಳಗಾಗುವುದು. ಹೀಗೆ ಒಳಹೊಕ್ಕುದರಲ್ಲಿ ಹೆಚ್ಚು ಪಾಲು ನಾಶವಾಗುವುದು. ಸ್ವಲ್ಪ ಪಾಲು ಮಾತ್ರ, ಜೀವಕೋಶವು ತನ್ನ ಸಸಾರಜನಕಗಳನ್ನು ಹೊರಕ್ಕೆ ಸಾಗಿಸುವ ದಾರಿಯಲ್ಲಿಯೇ ಹಿಮ್ಮುಖವಾಗಿ ನಡೆದು, ಅವುಗಳು ಮಡಿಕೆಗೊಳ್ಳುವ ಸ್ಥಾನವನ್ನು ಸೇರುವುದು. ಅಲ್ಲಿ ಗಂಧಕದ ಕೊಂಡಿಯು ಕಳಚಿ, ಎ ಸರವು ಜೀವಕೋಶದ ಒಳರಸಕ್ಕೆ ನುಸುಳುವುದು.

ಅಲ್ಲಿ ಅದಕ್ಕೆ ಗುರಿಯಾಗುವುದು ರೈಬೋಸೋಮ್. ಮೂಲಗ್ರಂಥದಿಂದ ಇಳಿಸಿಕೊಂಡ ಪ್ರತಿಯನ್ನು ಓದುತ್ತ ಅಮೈನೋ ಆಮ್ಲಗಳನ್ನು ಒಂದರ ಮುಂದೊಂದಾಗಿ ಪೋಣಿಸುವ ಯಂತ್ರವಿದು. ಜೀವಿಯ ಸಸಾರಜನಕಗಳೆಲ್ಲ ಹುಟ್ಟುವುದು ಇಲ್ಲಿಯೇ. ರೈಬೋಸೋಮಿನ ಚೌಕಟ್ಟು ಆರ್.ಎನ್.ಎ. ಎಂಬ ವಸ್ತುವಿನಿಂದಾದುದು. ಅದರ ಉದ್ದವಾದ ಎಳೆಯಲ್ಲಿ, ಇಲಿಯ ಜಾತಿಯ ಪ್ರಾಣಿಗಳಲ್ಲಿ, ನಾಲ್ಕು ಬಗೆಯ ಅಕ್ಷರಗಳಿಂದಾದ ಸುಮಾರು ೪,೭೦೦ ಸ್ಥಾನಗಳುಂಟು. ಜಪಾನಿನ ಯಾಯೆಟಾ ಎಂಡೊ ಮತ್ತು ಅವರ ಸಹೋದ್ಯೋಗಿಗಳು ೧೯೮೭ರಲ್ಲಿ ಎ ಸರದ ಕೆಲಸವನ್ನು ಕಂಡುಹಿಡಿದರು. ಅದು ಈ ಎಳೆಯನ್ನು ಕಡಿಯುವುದಿಲ್ಲ. ೪,೩೨೪ನೆಯ ಸ್ಥಾನದಲ್ಲಿರುವ ಅಡಿನೀನ್ ಎಂಬ ಒಂದೇ ಅಕ್ಷರವನ್ನು ಕಿತ್ತುಹಾಕುವುದು. ಓಲೆಗರಿಯು ಹರಿಯದೆ, ದಾರವು ಕಳಚದೆ, ಒಂದಕ್ಷರವು ಮಾತ್ರ ಉದುರಿದ ಗ್ರಂಥದಂತೆ ರೈಬೋಸೋಮ್ ಹೊರನೋಟಕ್ಕೆ ಹಾಗೆಯೇ ಇರುವುದು. ಆದರೆ ಸರವನ್ನು ಮುಂದಕ್ಕೆ ನಡೆಯಿಸುವ ಸಹಾಯಕ ವಸ್ತುಗಳು ಬಂದು ನಿಲ್ಲಬೇಕಾದುದು ಆ ಸ್ಥಾನದಲ್ಲಿಯೇ. ಅಕ್ಷರವು ಹೋದೊಡನೆ ಅವಕ್ಕೆ ನೆಲೆಯಿಲ್ಲದೆ ಪೋಣಿಕೆಯು ನಿಂತುಹೋಗುವುದು. ಎ ಸರವು ಕಿಣ್ವವಾದುದರಿಂದ ಕೆಲಸದಲ್ಲಿ ತಾನು ಸವೆಯುವುದಿಲ್ಲ. ಒಂದೇ ಅಣುವು ಒಂದು ನಿಮಿಷದಲ್ಲಿ ಸಾವಿರಕ್ಕೂ ಮಿಕ್ಕ ರೈಬೋಸೋಮುಗಳನ್ನು ಕೆಡಿಸಬಲ್ಲುದು. ಅತ್ಯಲ್ಪ ಪ್ರಮಾಣದ ವಿಷವೂ ಮಾರಕವಾಗುವ ರಹಸ್ಯವು ಇದೇ.

ಲಕ್ಷಣಗಳು ತಡವಾಗಿ ಕಾಣುವುದಕ್ಕೂ ಇದರಿಂದ ಸಮಾಧಾನವು ದೊರೆಯುವುದು. ಸಯನೈಡಿನಂತಹ ವಿಷವು ಉಸಿರಾಟದ ಕ್ರಿಯೆಯನ್ನು ತತ್‌ಕ್ಷಣ ತಡೆಯುವುದು. ಇಲ್ಲಿ ಹಾಗಲ್ಲ, ಜೀವಕೋಶದಲ್ಲಿ ಮೊದಲೇ ತಯಾರಾದ ಸಸಾರಜನಕಗಳು ಕೆಲವು ಗಂಟೆಗಳವರೆಗೆ ಕೆಲಸವನ್ನು ಸಾಗಿಸುವುವು, ಹೊಸವು ಹುಟ್ಟದೆ ಹಳೆಯವು ಮುಗಿದಾಗ ಜೀವಕೋಶವು ಸಾಯುವುದು. ಎರ್ಲಿಖ್ ಅವರ ಇಲಿಗಳ ಒಗಟೂ ಇಲ್ಲಿ ಬಿಡಿಸಿತು. ಪ್ರತಿವಿಷವು ಗುರುತಿಸುವುದು ಅಣುವಿನ ಹೊರಗಿನ ಆಕಾರವನ್ನು. ಕೆಲಸವು ನಡೆಯುವುದು ಒಳಗಿನ ಗುಳಿಯಲ್ಲಿ. ರಿಸಿನ್ ಮತ್ತು ಏಬ್ರಿನ್ನುಗಳಿಗೆ ಗುಳಿಯು ಸಮಾನ, ಹೊರಮೈ ಬೇರೆ. ಆದುದರಿಂದಲೇ ಕ್ರಿಯೆಯು ಒಂದಾದರೂ ಪ್ರತಿವಿಷವು ಎರಡು. ರಕ್ತಭೇದಿಯ ಸೂಕ್ಷ್ಮಜೀವಿಯೊಂದು ಸ್ರವಿಸುವ, ಜಪಾನಿನ ಶಿಗಾ ಅವರ ಹೆಸರಿನ, ವಿಷವೂ ಅದೇ ಅಡಿನೀನನ್ನೇ ಕೀಳುವುದೆಂದು ೧೯೮೮ರಲ್ಲಿ ಗೊತ್ತಾಯಿತು. ಗುಲಗಂಜಿಯ ವಿಷವು ಸೂಕ್ಷ್ಮಜೀವಿಯದೆಂದ ಸಾಟ್ಲರ್ ಅವರ ಮಾತು ತಪ್ಪಾಗಿದ್ದರೂ, ಗಿಡವೂ ಸೂಕ್ಷ್ಮಜೀವಿಯೂ ಒಂದೇ ಬಗೆಯ ಆಯುಧವನ್ನು ಹಿಡಿದಿರುವುದು ನಿಜವಾಯಿತು.

ಗಿಡವು ತನ್ನ ವಿಷಕ್ಕೆ ತಾನೇ ಏಕೆ ಸಾಯುವುದಿಲ್ಲವೆಂಬ ಪ್ರಶ್ನೆಯು ಸಹಜ. ಹರಳುಬೀಜದಲ್ಲಿ ಎರಡು ಸರಗಳೂ ಮೊದಲು ಒಂದೇ ಉದ್ದವಾದ ಸರವಾಗಿ ಹುಟ್ಟುವುವು. ನಡುವೆ ಚಿಕ್ಕದೊಂದು ತುಂಡು ಸೇರಿರುವುದು. ಆ ಸ್ಥಿತಿಯಲ್ಲಿ ಎ ಸರಕ್ಕೆ ಕ್ರಿಯಾಶಕ್ತಿಯಿಲ್ಲ. ಬೀಜದ ಶೇಖರಣೆಯ ಚೀಲಗಳನ್ನು ಸೇರಿದ ಮೇಲೆಯೇ ನಡುವಣ ತುಂಡು ಕತ್ತರಿಸಿಹೋಗಿ ವಿಷವು ಸಿದ್ಧವಾಗುವುದು. ಚೀಲದ ಹೊರಗಿರುವ ರೈಬೋಸೋಮುಗಳು ಅದಕ್ಕೆ ಸಿಕ್ಕುವುದಿಲ್ಲ.

೭

ಈಗ ಹಳೆಯ ವಿಧಿಗಳ ಕಡೆಗೆ ತಿರುಗಬಹುದು. ಗುಂಜಾಬೀಜವನ್ನು ಬಟ್ಟೆಯಲ್ಲಿ ಕಟ್ಟಿ, ದೋಲಾಯಂತ್ರದಲ್ಲಿ ತೂಗಬಿಟ್ಟು, ಹಾಲಿನಲ್ಲಾಗಲಿ ಕಾಂಜಿಯಲ್ಲಾಗಲಿ ಬೇಯಿಸಬೇಕೆಂಬುದು ರಸಶಾಸ್ತ್ರದ ಶೋಧನಕ್ರಮ. ಬಿಸಿಯಿಂದ ಸಸಾರಜನಕದ ಮಡಿಕೆಯು ಬಿಚ್ಚಿಹೋಗುವುದೆಂಬ ತತ್ವವನ್ನು ಇದರೊಡನೆ ಹೊಂದಿಸಿ ನೋಡಿದರೆ ವಿಧಿಯ ಯುಕ್ತಿಯು ವಿಶದವಾಗುವುದು. ಹರಳೆಣ್ಣೆಯ ವಿಷಯವೂ ಹಾಗೆಯೇ. ಮನೆಮನೆಯ ದೀಪಕ್ಕೂ ವಿರೇಚನಕ್ಕೂ ಬಳಕೆಯಾದ ಎಣ್ಣೆಯು ಇಂತಹ ಬೀಜದಿಂದಲೇ ಬರುವುದು. ಆದರೆ ರಿಸಿನ್ ನೀರಿನಲ್ಲಿ ಕರಗುವುದೇ ಹೊರತು ಎಣ್ಣೆಯಲ್ಲಿ ಕರಗದೆ ಹಿಂಡಿಯಲ್ಲಿ ಉಳಿಯುವುದು. ಬೀಜವನ್ನು ಬೇಯಿಸಿ ಎಣ್ಣೆ ತೆಗೆಯುವ ಹಳ್ಳಿಯ ಪದ್ಧತಿಯಲ್ಲಿ ಬಿಸಿಯ ರಕ್ಷಣೆಯೂ ಸೇರಿರುವುದು. ಹಸಿಯ ಹಿಂಡಿಯನ್ನು ಹೊಲಕ್ಕೆ ಗೊಬ್ಬರವಾಗಿ ಹಾಕುವರು, ದನಕ್ಕೆ ಹಾಕಬಾರದು. ಆದರೂ ಶಾಸ್ತ್ರದ ವಿವರಣೆಯನ್ನು ಓದಿ ಮನೆಯಲ್ಲಿ ಪ್ರಯೋಗಕ್ಕೆ ತೊಡಗುವುದು ಉಚಿತವಲ್ಲ. ಬಿಸಿಯು ಬೀಜದ ಒಳಗಿನವರೆಗೆ ಸಾಕಷ್ಟು ತಾಗಿದೆಯೇ ಎಂಬುದನ್ನು ಕಣ್ಣಿನಿಂದ ತಿಳಿಯುವುದು ಅಸಾಧ್ಯ.

ಈ ವಿಷದ ದುರುಪಯೋಗವು ದನಗಳಿಗೆ ಮುಗಿಯಲಿಲ್ಲ. ಬಲ್ಗೇರಿಯಾದ ಸಾಹಿತಿ ಗಿಯೋರ್ಗಿ ಮಾರ್ಕೋವ್ ಅವರು ಸ್ವದೇಶವನ್ನು ತೊರೆದು ಲಂಡನ್ನಿನಲ್ಲಿ ನೆಲೆಸಿ, ಅಲ್ಲಿನ ಆಳ್ವಿಕೆಯನ್ನು ರೇಡಿಯೋ ಮೂಲಕ ಟೀಕಿಸುತ್ತಿದ್ದರು. ೧೯೭೮ರ ಸೆಪ್ಟೆಂಬರ್ ೭ರಂದು ಬೀದಿಯಲ್ಲಿ ಅವರ ತೊಡೆಗೆ ಏನೋ ಚುಚ್ಚಿತು. ೧೧ರಂದು ಅವರು ತೀರಿಕೊಂಡರು. ದೇಹದಲ್ಲಿ ಗುಂಡುಸೂಜಿಯ ತಲೆಯಷ್ಟಿನ ಲೋಹದ ಗುಂಡೊಂದು ಸಿಕ್ಕಿತು. ವಿಷವು ನೇರವಾಗಿ ಪತ್ತೆಯಾಗದಿದ್ದರೂ ಗುಂಡಿನ ಗಾತ್ರವನ್ನೂ ಮರಣದ ಲಕ್ಷಣಗಳನ್ನೂ ವಿಚಾರಿಸಿ ಅದು ರಿಸಿನ್ ಆಗಿರಬೇಕೆಂದು ತಜ್ಞರು ತರ್ಕಿಸಿದರು. ರಾಸಾಯನಿಕ ಅಸ್ತ್ರಗಳನ್ನು ನಿಷೇಧಿಸಿ ೧೯೯೭ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದವು ರಿಸಿನ್ನನ್ನು ಮೊದಲನೆಯ ಅನುಸೂಚಿಯಲ್ಲಿಯೇ ಹೆಸರಿಸಿದೆ. ಭಾರತವು ೧೯೯೬ರಲ್ಲಿ ಅದನ್ನು ಅಂಗೀಕರಿಸಿತು. ಮತ್ತೊಂದು ಕಡೆ, ಎ ಸರವನ್ನು ಬಿ ಸರದಿಂದ ಬಿಡಿಸಿ, ಅರ್ಬುದರೋಗದ ಜೀವಕೋಶಗಳನ್ನು ಮಾತ್ರ ಗುರುತಿಸುವ ಪ್ರತಿಕಾಯಕ್ಕೆ ಜೋಡಿಸುವ ಪ್ರಯತ್ನವು ೧೯೭೦ರ ದಶಕದಿಂದ ನಡೆದಿದೆ. ದಾರಿಯನ್ನು ಬದಲಿಸಿದರೆ ವಿಷವು ಮದ್ದಾಗಬಹುದೆಂಬುದು ಅದರ ಆಧಾರ. ಆದರೆ ಆರೋಗ್ಯವಂತ ಜೀವಕೋಶಗಳಿಗೂ ಅಪಾಯವಾಗುವುದರಿಂದ ಆ ಕೆಲಸವು ಸುಲಭವಾಗಿ ಕೈಗೂಡಿಲ್ಲ.

ಪಾಠಶಾಲೆಗಳಲ್ಲಿ ಕಾವ್ಯವನ್ನು ಬೋಧಿಸುವವರು ಗುಲಗಂಜಿಯ ಕಾಳನ್ನು ಮಕ್ಕಳಿಗೆ ತೋರಿಸುವುದುಂಟು, ಅದು ಯೋಗ್ಯವೇ. ಜೊತೆಯಲ್ಲಿ ಹೇಳಬೇಕಾದ ಮಾತೊಂದುಂಟು. ಈ ಕಾಳಿನ ಸಿಪ್ಪೆಯು ಬಹಳ ಗಟ್ಟಿ. ಇಡಿಯಾಗಿ ನುಂಗಿದ ಕಾಳು ಎಷ್ಟೋ ವೇಳೆ ಒಡೆಯದೆ ಹೊರಬೀಳುವುದು. ಅಗಿದರೆ ಸಿಪ್ಪೆಯ ಕಾವಲು ತಪ್ಪುವುದು. ಸರಕ್ಕಾಗಿ ತೂತು ಕೊರೆದ ಕಾಳಿನಲ್ಲಿಯೂ ಆ ಕಾವಲು ಆಗಲೇ ಹೋಗಿರುವುದರಿಂದ, ಅದು ಬಳ್ಳಿಯಿಂದ ಬಿಡಿಸಿದ ಕಾಳಿಗಿಂತ ಹೆಚ್ಚು ಅಪಾಯಕರ. ಮಗುವು ಒಂದನ್ನು ಅಗಿದಿತೆಂದು ತಿಳಿದರೆ, ಲಕ್ಷಣಗಳು ತಡವಾಗಿ ಬರುವುದರಿಂದ ಅವುಗಳಿಗಾಗಿ ಕಾದು ಕುಳ್ಳಿರದೆ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.